ಆಟದ ಅಂಗಳದಿಂದ ಆಸ್ಪತ್ರೆಯ ಅಂಗಳಕ್ಕೆ

(ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಒಂದು ಪಾಠ)

ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿದಾಗ, ಶಾಲೆಯ ಇತಿಹಾಸವನ್ನು ಬರೆಯಲೇ, ಈ ಗಡಿಯಾಚೆಯ ನಾಡಿನಲ್ಲಿ ಕನ್ನಡದ ಅಳಿವು ಉಳಿವುಗಳನ್ನು ಕುರಿತು ಬರೆಯಲೇ ಎಂದು ಯೋಚಿಸಿದೆನು. ಅವೆರಡನ್ನೂ ನನಗಿಂತ ಸಮರ್ಥರಾದವರು ಬರೆಯುತ್ತಾರೆ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಉಪಾಧ್ಯಾಯನಾದ ನಾನು ಬದುಕಿನುದ್ದಕ್ಕೂ ಮಾಡಿದ್ದು ಪಾಠ ಹೇಳುವ ಕೆಲಸವೊಂದನ್ನೇ. ಎಪ್ಪತ್ತು ದಾಟಿದ ಈ ವಯಸ್ಸಿನಲ್ಲಿ ಹೊಸ ಕಸುಬನ್ನು ಕಲಿಯಲಾರೆ. ಆದ್ದರಿಂದ ಇಲ್ಲಿಯೂ ಒಂದು ಪಾಠವನ್ನೇ ಹೇಳುತ್ತೇನೆ. ಈ ಪಾಠವನ್ನು ಆರಿಸಿಕೊಳ್ಳಲು ನನಗೆ ಒಂದು ಸ್ವಂತ ಕಾರಣವೂ ಉಂಟು. ಅದನ್ನು ಕೊನೆಯಲ್ಲಿ ನಿವೇದಿಸುವೆನು.

ಒಂದು ಹಳೆಯ ಪ್ರಶ್ನೆ

"ಆಟವೋ ಪಾಠವೋ?" ಎಂಬುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿರುವ ಪ್ರಶ್ನೆ. ಮಗ ಸಂಜೆ ಮೈದಾನದಿಂದ ಧೂಳು ಮೆತ್ತಿಕೊಂಡು ಬಂದರೆ ತಾಯಿ ಗದರುತ್ತಾಳೆ, ತಂದೆ ಪರೀಕ್ಷೆಯ ಅಂಕಪಟ್ಟಿಯನ್ನು ಕೇಳುತ್ತಾನೆ. ಮಗಳು ಆಡಲು ಹೊರಟರಂತೂ ಅಜ್ಜಿಯೂ ಸೇರಿ ತಡೆಯುತ್ತಾಳೆ. ಏಲಕ್ಕಿ ಮಂಡಿಯಲ್ಲಿ ದಿನವಿಡೀ ಕಾಯಿ ಆರಿಸಿ, ಮಗ್ಗದ ಮುಂದೆ ಕುಳಿತು ಬೆನ್ನು ಬಗ್ಗಿಸಿ, ಬೆಟ್ಟದ ಮೇಲಿನ ತೋಟಗಳಿಗೆ ಜೀಪಿನಲ್ಲಿ ಹೋಗಿ ಬಂದು ಮಕ್ಕಳನ್ನು ಓದಿಸುವ ಹೆತ್ತವರಿಗೆ ಈ ಭಯವು ಸಹಜವೇ ಆಗಿದೆ. ಅವರನ್ನು ನಾನು ಹಳಿಯುವುದಿಲ್ಲ.

ಆದರೆ ಆ ಪ್ರಶ್ನೆಯಲ್ಲಿಯೇ ಒಂದು ದೋಷವಿದೆ. ಎರಡರಲ್ಲಿ ಒಂದನ್ನು ಬಿಟ್ಟರೆ ಮಾತ್ರ ಇನ್ನೊಂದು ದಕ್ಕುತ್ತದೆ ಎಂಬ ನಂಬಿಕೆಯ ಮೇಲೆ ಆ ಪ್ರಶ್ನೆ ನಿಂತಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ ಎಂಬುದನ್ನು ಇಬ್ಬರು ಆಟಗಾರರ ಜೀವನದ ಮೂಲಕ ಪರಿಶೀಲಿಸೋಣ. ಒಬ್ಬರು ಅಮೆರಿಕ ದೇಶದವರು, ಇನ್ನೊಬ್ಬರು ನಮ್ಮ ಭಾರತದ ಈಶಾನ್ಯ ಮೂಲೆಯ ನಾಗಾ ಬೆಟ್ಟದವರು. ಇಬ್ಬರೂ ಚೆಂಡಿನ ಆಟದಲ್ಲಿ ಹೆಸರು ಗಳಿಸಿದರು, ಇಬ್ಬರೂ ವೈದ್ಯರಾದರು. ಓದಿ ದೊಡ್ಡವರಾದ ಮೇಲೆ ಇಬ್ಬರೂ ತಮ್ಮ ಸೀಮೆಗೇ ಹಿಂದಿರುಗಿದರು ಎಂಬುದು ನಮಗೆ ಮುಖ್ಯವಾದದ್ದು.

ಅಮೆರಿಕದ ಫುಟ್‌ಬಾಲ್ ಎಂದರೇನು?

ನಾವು ಫುಟ್‌ಬಾಲ್ ಎಂದು ಕರೆಯುವ ಆಟವನ್ನು ಅಮೆರಿಕದವರು ಸಾಕರ್ ಎನ್ನುತ್ತಾರೆ. ಅವರು ಫುಟ್‌ಬಾಲ್ ಎನ್ನುವುದು ಬೇರೆಯೇ ಒಂದು ಆಟ. ಅದರ ಚೆಂಡು ದುಂಡಗಿರದೆ ಎರಡು ತುದಿಗಳಲ್ಲಿ ಚೂಪಾಗಿ, ನಡುವೆ ಉಬ್ಬಿರುತ್ತದೆ. ಅದನ್ನು ಕಾಲಿನಿಂದ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚು. ಮೈದಾನದ ಉದ್ದ 100 ಗಜ. ಎರಡು ಕೊನೆಗಳಲ್ಲಿಯೂ ಹತ್ತು ಹತ್ತು ಗಜದ ಗಡಿಪಟ್ಟಿಗಳು. ಒಂದು ಪಕ್ಷಕ್ಕೆ 11 ಮಂದಿ. ಚೆಂಡು ತಮ್ಮ ವಶದಲ್ಲಿರುವ ಪಕ್ಷದವರಿಗೆ ನಾಲ್ಕು ಅವಕಾಶಗಳು. ಅಷ್ಟರೊಳಗೆ ಹತ್ತು ಗಜವಾದರೂ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲು. ಎದುರಾಳಿಯ ಗಡಿಪಟ್ಟಿಯೊಳಕ್ಕೆ ಚೆಂಡನ್ನು ಒಯ್ದರೆ ಆರು ಅಂಕಗಳು.

ಈ ಆಟದಲ್ಲಿ ರನ್ನಿಂಗ್ ಬ್ಯಾಕ್ ಎಂಬ ಸ್ಥಾನವೊಂದಿದೆ. ನಾಯಕನ ಕೈಯಿಂದ ಚೆಂಡನ್ನು ಪಡೆದು, ಎದೆಗೆ ಅವುಚಿಕೊಂಡು, ಎದುರಾಳಿಗಳ ಗೋಡೆಯಲ್ಲಿ ಸಂದು ಹುಡುಕಿ ಮುನ್ನುಗ್ಗುವವನೇ ಅವನು. ನಮ್ಮ ಕಬಡ್ಡಿಯಲ್ಲಿ ದಾಳಿಗೆ ಹೋದವನನ್ನು ನಾಲ್ಕಾರು ಮಂದಿ ಸೇರಿ ಕಾಲು, ಸೊಂಟ, ತೋಳುಗಳನ್ನು ಹಿಡಿದು ಕೆಡವುವ ದೃಶ್ಯವನ್ನು ನೆನೆದುಕೊಳ್ಳಿರಿ. ಹಿಡಿಯುವವರು ಒಬ್ಬೊಬ್ಬರೂ ನೂರು ಕಿಲೋ ಮೀರಿದ ಆಳುಗಳೆಂದೂ, ದೂರದಿಂದ ಓಡಿಬಂದು ಡಿಕ್ಕಿ ಹೊಡೆಯುವರೆಂದೂ ಕಲ್ಪಿಸಿಕೊಂಡರೆ ಆ ಸ್ಥಾನದ ಕಷ್ಟವು ತಿಳಿದೀತು. ಮೊಣಕಾಲು, ಭುಜ, ಪಕ್ಕೆಲುಬುಗಳಿಗೆ ಪೆಟ್ಟು ತಪ್ಪುವುದೇ ಇಲ್ಲ. ಅನೇಕರ ಆಟದ ಬದುಕು ಮೂರು ನಾಲ್ಕು ವರ್ಷಗಳಲ್ಲಿ ಮುಗಿದುಹೋಗುತ್ತದೆ. ಆಗ ಅವರಿಗೆ ಮೂವತ್ತು ಕೂಡ ತುಂಬಿರುವುದಿಲ್ಲ. ಉಳಿದ ನಲವತ್ತು ವರ್ಷಗಳನ್ನು ಹೇಗೆ ಕಳೆಯುವುದು? ಹಣವಿದ್ದವರೂ ಈ ಪ್ರಶ್ನೆಯ ಮುಂದೆ ಸೋತಿದ್ದಾರೆ.

ಯಾಕಿಮಾ ಕಣಿವೆಯ ಓಟಗಾರ

ಅಮೆರಿಕದ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್ ಎಂಬ ರಾಜ್ಯವಿದೆ. (ರಾಜಧಾನಿಯಾದ ವಾಷಿಂಗ್ಟನ್ ನಗರವು ಬೇರೆ, ಅದು ದೇಶದ ಮತ್ತೊಂದು ತುದಿಯಲ್ಲಿದೆ.) ಆ ರಾಜ್ಯದ ನಡುವೆ ಕ್ಯಾಸ್ಕೇಡ್ ಎಂಬ ಪರ್ವತಶ್ರೇಣಿ. ಕಡಲ ಮೋಡಗಳನ್ನು ಆ ಶ್ರೇಣಿ ತಡೆಯುವುದರಿಂದ ಅದರ ಪೂರ್ವಕ್ಕಿರುವ ಯಾಕಿಮಾ ಕಣಿವೆಯಲ್ಲಿ ಮಳೆ ಕಡಿಮೆ. ಆದರೂ ನದಿಯ ನೀರನ್ನು ಕಾಲುವೆಗಳಲ್ಲಿ ಹಾಯಿಸಿ ಅಲ್ಲಿಯ ಜನರು ಸೇಬು, ದ್ರಾಕ್ಷಿಗಳನ್ನು ಬೆಳೆಯುತ್ತಾರೆ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿದ್ದು, 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನ ನೀರಿನಿಂದ ಹಸಿರಾದ ನಮ್ಮ ಕಂಬಂ ಕಣಿವೆಗೂ ಅದಕ್ಕೂ ಎಷ್ಟೊಂದು ಹೋಲಿಕೆ! 2023ರಲ್ಲಿ ಭೌಗೋಳಿಕ ಗುರುತನ್ನು ಪಡೆದ ನಮ್ಮ ಕಂಬಂ ಪನ್ನೀರ್ ದ್ರಾಕ್ಷಿಯನ್ನು ತಿಂದು ಬೆಳೆದ ಮಕ್ಕಳಿಗೆ ಯಾಕಿಮಾ ಕಣಿವೆ ಪರಕೀಯವೆನಿಸಬೇಕಿಲ್ಲ.

ಡ್ಯಾನ್ ಡೋರ್ನಿಂಕ್ ಅವರು ಹುಟ್ಟಿದ್ದು 1956ರಲ್ಲಿ, ವಿಸ್ಕಾನ್ಸಿನ್ ರಾಜ್ಯದಲ್ಲಿ. ಬೆಳೆದು ಓದಿದ್ದು ಈ ಯಾಕಿಮಾ ಕಣಿವೆಯ ವಪಾಟೊ ಎಂಬ ಸಣ್ಣ ಊರಿನಲ್ಲಿ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡಕ್ಕೆ ಆಡಿ, 1978ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಎಂಬ ವೃತ್ತಿಪರ ತಂಡಕ್ಕೆ ಆಯ್ಕೆಯಾದರು. ಆಟಗಾರರನ್ನು ಆರಿಸುವ ಸರದಿಯಲ್ಲಿ ಅವರ ಹೆಸರು ಬಂದದ್ದು ಏಳನೆಯ ಸುತ್ತಿನಲ್ಲಿ. ಎಂದರೆ ಅವರನ್ನು ಯಾರೂ ಮಹಾ ಪ್ರತಿಭೆಯೆಂದು ಮೊದಲಿಗೇ ಎತ್ತಿಕೊಂಡಿರಲಿಲ್ಲ. ಮರುವರ್ಷ ತಮ್ಮ ರಾಜ್ಯದ ಸಿಯಾಟಲ್ ಸೀಹಾಕ್ಸ್ ತಂಡಕ್ಕೆ ಬಂದು 1985ರವರೆಗೆ ಅಲ್ಲಿ ಆಡಿದರು. 

ಅವರ ಆಟದ ಬದುಕಿನ ಒಂದು ದಿನವನ್ನು ಮಾತ್ರ ಇಲ್ಲಿ ಹೇಳುತ್ತೇನೆ. 1984ರ ಋತುವಿನ ಮೊದಲ ಪಂದ್ಯದಲ್ಲಿಯೇ ಸಿಯಾಟಲ್ ತಂಡದ ಮುಖ್ಯ ಓಟಗಾರನಾದ ಕರ್ಟ್ ವಾರ್ನರ್ ಮೊಣಕಾಲಿಗೆ ಪೆಟ್ಟಾಗಿ ಹೊರಗುಳಿದನು. ಆ ವರ್ಷದ ಡಿಸೆಂಬರ್ 22ರಂದು, ಸೋತವರು ಮನೆಗೆ ಹೋಗಬೇಕಾದ ಘಟ್ಟದಲ್ಲಿ, ಹಿಂದಿನ ಋತುವಿನ ಚಾಂಪಿಯನ್ನರಾದ ರೈಡರ್ಸ್ ತಂಡದ ಎದುರು ಆಡಬೇಕಾಯಿತು. ಅಂದು ಡೋರ್ನಿಂಕ್ 29 ಸಲ ಚೆಂಡನ್ನು ಎದೆಗವುಚಿ ಓಡಿ 126 ಗಜಗಳನ್ನು ಗಳಿಸಿದರು. ಸಿಯಾಟಲ್ 13-7ರಿಂದ ಗೆದ್ದಿತು. ಸರಾಸರಿ ಲೆಕ್ಕ ಹಾಕಿ ನೋಡಿರಿ, ಒಂದು ಓಟಕ್ಕೆ ನಾಲ್ಕು ಗಜಕ್ಕಿಂತ ತುಸು ಹೆಚ್ಚು. ಅದ್ಭುತವಾದ ಜಿಗಿತಗಳಿಲ್ಲ, ಬೀಳುವುದು, ಏಳುವುದು, ಮತ್ತೆ ನಾಲ್ಕು ಗಜ. ಓದುವ ಮಗುವಿಗೆ ಇದಕ್ಕಿಂತ ಉತ್ತಮವಾದ ಉದಾಹರಣೆ ನನಗೆ ದೊರಕಿಲ್ಲ.

ಈ ಆಟಕ್ಕೆ ವರ್ಷದ ಒಂದು ಭಾಗದಲ್ಲಿ ಬಿಡುವಿರುತ್ತದೆ. ಆ ಬಿಡುವಿನ ತಿಂಗಳುಗಳಲ್ಲಿ ಡೋರ್ನಿಂಕ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಓದಿದರು. ಆಟದಿಂದ ನಿವೃತ್ತರಾದ ನಂತರ ವ್ಯಾಸಂಗವನ್ನು ಪೂರ್ತಿಗೊಳಿಸಿ ಫಿಸಿಷಿಯನ್ ಆದರು. ತಮ್ಮ ಹೆಸರು ಮನೆಮಾತಾಗಿದ್ದ ಸಿಯಾಟಲ್ ಮಹಾನಗರದಲ್ಲಿ ನಿಲ್ಲದೆ, ಸೇಬಿನ ತೋಟಗಳ ಯಾಕಿಮಾಕ್ಕೆ ಹಿಂದಿರುಗಿ ಅಲ್ಲಿ ರೋಗಿಗಳನ್ನು ನೋಡಿಕೊಂಡರು.

ನಾಗಾ ಬೆಟ್ಟದ ಹುಡುಗ

ಈಗ ನಮ್ಮ ದೇಶಕ್ಕೆ ಬರೋಣ. 1918ರ ಜನವರಿ 28ರಂದು ಅಂದಿನ ನಾಗಾ ಹಿಲ್ಸ್ ಜಿಲ್ಲೆಯ ಚಾಂಗ್ಕಿ ಎಂಬ ಹಳ್ಳಿಯಲ್ಲಿ ತಲಿಮೆರೆನ್ ಆವೊ ಜನಿಸಿದರು. ತಂದೆ ಪಾದ್ರಿಗಳು, ಮನೆಯಲ್ಲಿ ಹನ್ನೆರಡು ಮಕ್ಕಳು. ಇಂಪುರ್ ಎಂಬಲ್ಲಿಯ ಮಿಷನ್ ಅಂಗಳದಲ್ಲಿ ಹುಡುಗನು ಚಿಂದಿ ಬಟ್ಟೆಗಳನ್ನು ಉಂಡೆಕಟ್ಟಿದ ಚೆಂಡಿನಲ್ಲಿ ಆಡಿ ಬೆಳೆದನು. ಚಿಂದಿಯ ಚೆಂಡು ಎಂದಾಗ ನಮ್ಮ ಕೇರಿಯ ಹಿರಿಯರಿಗೆಲ್ಲ ತಮ್ಮ ಬಾಲ್ಯ ನೆನಪಾಗುವುದು ಖಂಡಿತ.

1935ರಲ್ಲಿ ತಂದೆ ವಿಷಮಶೀತ ಜ್ವರದಿಂದ ತೀರಿಕೊಂಡರು. ವಿಷಮಶೀತ ಜ್ವರ, ಎಂದರೆ ಟೈಫಾಯಿಡ್. ಅದಕ್ಕೆ ತಕ್ಕ ಔಷಧಿಯು ಆಗ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ. ಅದು ಬಂದದ್ದು 1940ರ ದಶಕದ ಕೊನೆಯಲ್ಲಿ. ಮಗನು ವೈದ್ಯನಾಗಿ ತಮ್ಮ ಜನರ ಸೇವೆ ಮಾಡಬೇಕೆಂಬುದು ತಂದೆಯ ಆಸೆಯಾಗಿತ್ತು. ಹದಿನೇಳರ ಹುಡುಗನಿಗೆ ಆ ಆಸೆಯು ಮಾತಾಗಿ ಉಳಿಯದೆ ವ್ರತವಾಯಿತು.

ಆವೊ ಎಂಬುದು ಅವರ ಪಂಗಡದ ಹೆಸರೂ ಹೌದು, ಮಾತೃಭಾಷೆಯ ಹೆಸರೂ ಹೌದು. ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಮೇಲಿನ ತರಗತಿಗಳಲ್ಲಿ ಇಂಗ್ಲಿಷು ಇರುವಂತೆ, ಆ ಹುಡುಗನಿಗೆ ಮನೆಯಲ್ಲಿ ಆವೊ, ಅಸ್ಸಾಮಿನಲ್ಲಿ ಅಸ್ಸಾಮಿ, ಕಲ್ಕತ್ತೆಯಲ್ಲಿ ಬಂಗಾಳಿ, ಪುಸ್ತಕದಲ್ಲಿ ಇಂಗ್ಲಿಷು. ಸಣ್ಣ ಭಾಷೆಯ ಮಗು ದೊಡ್ಡ ಲೋಕಕ್ಕೆ ಹೋಗಲಾರದು ಎನ್ನುವವರು ಈ ಸಂಗತಿಯನ್ನು ಗಮನಿಸಬೇಕು.

ಜೋರ್ಹಾಟಿನಲ್ಲಿ ಶಾಲೆ, ಗುವಾಹಟಿಯ ಕಾಟನ್ ಕಾಲೇಜಿನಲ್ಲಿ ಮುಂದಿನ ವ್ಯಾಸಂಗ. ಗುವಾಹಟಿಯಲ್ಲಿ ಮಹಾರಾಣಾ ಕ್ಲಬ್ಬಿಗೆ ಆಡಿದರು. 1942ರಲ್ಲಿ ಕಲ್ಕತ್ತೆಯ ಕಾರ್ಮೈಕೇಲ್ ವೈದ್ಯಕೀಯ ಕಾಲೇಜಿಗೆ ಪ್ರವೇಶ ದೊರೆಯಿತು; ಇಂದು ಅದನ್ನು ಆರ್. ಜಿ. ಕರ್ ವೈದ್ಯಕೀಯ ಕಾಲೇಜು ಎನ್ನುತ್ತಾರೆ. ಮರುವರ್ಷವೇ ಮೋಹನ್ ಬಗಾನ್ ಎಂಬ ಪ್ರಖ್ಯಾತ ತಂಡಕ್ಕೆ ಸೇರಿದರು. ಹಗಲು ಅಂಗರಚನಾಶಾಸ್ತ್ರ, ಸಂಜೆ ಮೈದಾನ, ರಾತ್ರಿ ಮತ್ತೆ ಪುಸ್ತಕ. ಯುದ್ಧ, 1943ರ ಬಂಗಾಳದ ಕ್ಷಾಮ, 1946ರ ಗಲಭೆ, ದೇಶವಿಭಜನೆ, ಇವೆಲ್ಲ ನಡೆದದ್ದು ಅವರು ಆ ನಗರದಲ್ಲಿದ್ದ ವರ್ಷಗಳಲ್ಲಿಯೇ. ವ್ಯಾಸಂಗಕ್ಕೆ ಅನುಕೂಲವಾದ ಕಾಲ ಅದಾಗಿರಲಿಲ್ಲ.

ಲಂಡನ್ ನಗರದ ಆ ಪಂದ್ಯ

1948ರಲ್ಲಿ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತವು ತನ್ನ ಹೆಸರಿನಲ್ಲಿ, ತನ್ನ ತ್ರಿವರ್ಣ ಧ್ವಜದೊಡನೆ ಮೊದಲ ಬಾರಿಗೆ ಒಲಿಂಪಿಕ್ಸಿಗೆ ಹೋದದ್ದು ಅಂದೇ. ಜುಲೈ 29ರಂದು ವೆಂಬ್ಲಿಯಲ್ಲಿ ನಡೆದ ಪ್ರಾರಂಭೋತ್ಸವದಲ್ಲಿ ಆ ಧ್ವಜವನ್ನು ಹಿಡಿದು ನಡೆದವರು ಫುಟ್‌ಬಾಲ್ ತಂಡದ ನಾಯಕರಾದ, ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದ ತಲಿಮೆರೆನ್ ಆವೊ.

ಜುಲೈ 31ರಂದು ಇಲ್ಫರ್ಡ್ ಎಂಬಲ್ಲಿ ಫ್ರಾನ್ಸ್ ತಂಡದೊಡನೆ ಪಂದ್ಯ. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಕೆಲವರು ಪಾದಗಳಿಗೆ ಪಟ್ಟಿ ಸುತ್ತಿಕೊಂಡಿದ್ದರು. ಅದನ್ನು ಕಂಡು ಬೆರಗಾದ ಪತ್ರಕರ್ತರಿಗೆ ನಾಯಕರು, ನಾವು ಆಡುವುದು ಕಾಲ್ಚೆಂಡು, ನೀವು ಆಡುವುದು ಬೂಟುಚೆಂಡು ಎಂಬರ್ಥದ ಉತ್ತರವನ್ನು ಕೊಟ್ಟರೆಂದು ಪ್ರತೀತಿ. ಫ್ರಾನ್ಸ್ ಮೊದಲು ಒಂದು ಗೋಲು ಹೊಡೆಯಿತು. 70ನೆಯ ನಿಮಿಷದಲ್ಲಿ ಭಾರತವು ಸಮ ಮಾಡಿಕೊಂಡಿತು. ಆ ಗೋಲನ್ನು ಹೊಡೆದವರು ಯಾರು ಬಲ್ಲಿರಾ? ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಅದು. ಅದೇ ತಂಡದಲ್ಲಿ ಚೆಂಡನ್ನು ಹಾವಾಡಿಗನಂತೆ ಆಡಿಸುತ್ತಿದ್ದ ಬೆಂಗಳೂರಿನ ಅಹ್ಮದ್ ಖಾನ್ ಅವರೂ ಇದ್ದರು. ಆ ಒಲಿಂಪಿಕ್ಸಿಗೆ ಸ್ವಲ್ಪ ಮುಂಚೆ, 1946-47ರ ಸಂತೋಷ್ ಟ್ರೋಫಿಯನ್ನು ಬಂಗಾಳದವರನ್ನು ಸೋಲಿಸಿ ಮೈಸೂರು ತಂಡವು ಗೆದ್ದಿತ್ತು. ಹೀಗೆ ನಾಗಾ ನಾಯಕನ ಕಥೆಯಲ್ಲಿ ಕನ್ನಡ ನಾಡಿಗೂ ಒಂದು ಪಾಲಿದೆ.

ಭಾರತಕ್ಕೆ ಎರಡು ಪೆನಾಲ್ಟಿ ಅವಕಾಶಗಳು ದೊರೆತವು, ಎರಡೂ ಕೈತಪ್ಪಿದವು. 89ನೆಯ ನಿಮಿಷದಲ್ಲಿ ಫ್ರಾನ್ಸ್ ಎರಡನೆಯ ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತರೂ ನಮ್ಮವರ ಆಟವನ್ನು ಲಂಡನ್ನಿನ ಪ್ರೇಕ್ಷಕರು ಮನಸಾರೆ ಮೆಚ್ಚಿದರು. ಬರಿಗಾಲಿನ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುವುದು ಸರಿಯೇ, ಆದರೆ ಅದಕ್ಕೆ ಒಂದು ಮಿತಿಯಿದೆ. ನಾಲ್ಕು ವರ್ಷಗಳ ನಂತರ, 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯದ ಎದುರು 10-1ರಿಂದ ಸೋತ ಮೇಲೆ ಬೂಟು ಧರಿಸುವುದು ಕಡ್ಡಾಯವಾಯಿತು. ಕೊರತೆಯನ್ನೇ ಹಿರಿಮೆಯೆಂದು ಹೇಳಿಕೊಂಡು ಬಹುದಿನ ಬಾಳಲಾಗದು. ಸಲಕರಣೆಯಿಲ್ಲದ ಶಾಲೆಗಳನ್ನು ನಡೆಸಿದ ನನ್ನಂಥವರಿಗೆ ಈ ಸತ್ಯವು ಚೆನ್ನಾಗಿ ಗೊತ್ತು.

ಮರಳಿ ಬೆಟ್ಟಕ್ಕೆ

ಆ ಪ್ರವಾಸದ ಕಾಲದಲ್ಲಿ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬು ಅವರನ್ನು ಒಂದು ವರ್ಷದ ಒಪ್ಪಂದಕ್ಕೆ ಕರೆದಿತೆಂದೂ, ವೈದ್ಯ ವ್ಯಾಸಂಗವು ಅರ್ಧದಲ್ಲಿದೆಯೆಂದು ಅವರು ಒಪ್ಪಲಿಲ್ಲವೆಂದೂ ಅವರ ಜೀವನಚರಿತ್ರೆಯನ್ನು ಹೇಳುವವರೆಲ್ಲ ಹೇಳುತ್ತಾರೆ. 1950ರಲ್ಲಿ ಎಂ.ಬಿ.ಬಿ.ಎಸ್. ಪದವಿ ದೊರೆಯಿತು. ಪ್ರವೇಶದಿಂದ ಪದವಿಗೆ ಎಂಟು ವರ್ಷ. ಆಟವು ಓದನ್ನು ತಡಮಾಡಿತು ಎಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯುವುದಿಲ್ಲ. ತಡವಾದರೂ ಅವರು ಓದನ್ನು ಕೈಬಿಡಲಿಲ್ಲ ಎಂಬುದಷ್ಟೇ ನನ್ನ ಮಾತು.

ಕಲ್ಕತ್ತೆಯಲ್ಲಿ ಮೋಹನ್ ಬಗಾನ್ ನಾಯಕನಾಗಿದ್ದವನಿಗೆ ಯಾವ ಬಾಗಿಲು ತಾನೆ ಮುಚ್ಚಿತ್ತು? ಆದರೂ ಅವರು ಮೊದಲು ಅಸ್ಸಾಮಿನ ದಿಬ್ರುಗಢದ ಆಸ್ಪತ್ರೆಯಲ್ಲಿ ದುಡಿದು, 1953ರಲ್ಲಿ ನಾಗಾ ಬೆಟ್ಟದ ಕೊಹಿಮಾಕ್ಕೆ ಸಹಾಯಕ ಸಿವಿಲ್ ಸರ್ಜನ್ ಆಗಿ ಬಂದರು. ಆ ಬೆಟ್ಟಗಳಲ್ಲಿ ಅದು ನೆಮ್ಮದಿಯ ಕಾಲವಾಗಿರಲಿಲ್ಲ. ರಸ್ತೆಗಳು ವಿರಳ, ವೈದ್ಯರು ಇನ್ನೂ ವಿರಳ, ಬಂಡಾಯದ ಗುಂಡಿನ ಸದ್ದು ಬೇರೆ. ಅಲ್ಲಿಯೇ ನಿಂತರು. 1963ರಲ್ಲಿ ನಾಗಾಲ್ಯಾಂಡ್ ರಾಜ್ಯವು ಉದಯಿಸಿತು. ಮುಂದೆ ಅವರು ಆ ರಾಜ್ಯದ ಆರೋಗ್ಯ ಸೇವೆಗಳ ನಿರ್ದೇಶಕರಾಗಿ, 1978ರಲ್ಲಿ ನಿವೃತ್ತರಾದರು. 1998ರ ಸೆಪ್ಟೆಂಬರ್ 13ರಂದು ತೀರಿಕೊಂಡರು. 2018ರಲ್ಲಿ, ಅವರ ಜನ್ಮಶತಾಬ್ದಿಯ ವರ್ಷದಲ್ಲಿ, ಅಂಚೆ ಇಲಾಖೆಯು ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರತಂದಿತು.

ಗಂಭೀರ ಕಾಯಿಲೆಯಾದರೆ ರೋಗಿಯನ್ನು ಸುಮಾರು 90 ಕಿಲೋಮೀಟರು ದೂರದ ಮದುರೆಗೆ ಒಯ್ಯಬೇಕಾಗಿದ್ದ ದಿನಗಳನ್ನು ನಮ್ಮ ಊರಿನ ಹಿರಿಯರು ಬಲ್ಲರು. ದಾರಿಯಲ್ಲಿಯೇ ಪ್ರಾಣ ಹೋದವರನ್ನೂ ಬಲ್ಲರು. ತೇನಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು ಈ ಶತಮಾನದಲ್ಲಿ. ಆದ್ದರಿಂದ ಬೆಟ್ಟದ ಊರಿಗೆ ಒಬ್ಬ ವೈದ್ಯ ಹಿಂದಿರುಗುವುದರ ಬೆಲೆಯನ್ನು ನಮಗೆ ಯಾರೂ ವಿವರಿಸಬೇಕಿಲ್ಲ.

ಇನ್ನೂ ಕೆಲವರು

ಇವರಿಬ್ಬರೇ ಅಪವಾದಗಳೆಂದು ತಿಳಿಯಬಾರದು. 1954ರ ಮೇ 6ರಂದು ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಓಡಿ, ನಾಲ್ಕು ನಿಮಿಷದ ಗಡಿಯನ್ನು ಲೋಕದಲ್ಲಿ ಮೊದಲು ದಾಟಿದ ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್ ಅಂದು ವೈದ್ಯ ವಿದ್ಯಾರ್ಥಿ. ಮುಂದೆ ಅವರು ನರರೋಗಗಳ ಪ್ರಸಿದ್ಧ ವೈದ್ಯರಾದರು. ನಮ್ಮವರೇ ಆದ ವೇಸ್ ಪೇಸ್ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗೆದ್ದ ಹಾಕಿ ತಂಡದಲ್ಲಿ ಆಡಿ, ಕ್ರೀಡಾವೈದ್ಯಕೀಯದಲ್ಲಿ ಹೆಸರಾಗಿ, 2025ರ ಆಗಸ್ಟಿನಲ್ಲಿ ನಿಧನರಾದರು. ಟೆನಿಸ್ ಆಟಗಾರ ಲಿಯಾಂಡರ್ ಪೇಸ್ ಅವರ ಮಗ.

ಬ್ರೆಜಿಲ್ ದೇಶದ ಸಾಕ್ರಟೀಸ್ ವೈದ್ಯ ಪದವಿಯನ್ನು ಪಡೆದ ಮೇಲೆ 1982ರ ವಿಶ್ವಕಪ್ಪಿನಲ್ಲಿ ತಮ್ಮ ದೇಶದ ತಂಡಕ್ಕೆ ನಾಯಕರಾದರು. ಆದರೆ ಅವರು ಧೂಮಪಾನ, ಮದ್ಯಪಾನಗಳಿಗೆ ಒಳಗಾಗಿ 2011ರಲ್ಲಿ, 57ನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ತಿಳಿವಳಿಕೆ ಬೇರೆ, ನಡವಳಿಕೆ ಬೇರೆ ಎಂಬುದಕ್ಕೆ ಅವರ ಬದುಕು ಸಾಕ್ಷಿ. ದೊಡ್ಡವರ ಗುಣವನ್ನು ಹೇಳುವಾಗ ಅವರ ದೋಷವನ್ನು ಮಕ್ಕಳಿಂದ ಮರೆಮಾಡಬಾರದು.

ಹಾಗೆಯೇ ಆಟದ ಅಪಾಯವನ್ನೂ ಮುಚ್ಚಿಡಬಾರದು. ಅಮೆರಿಕದ ಫುಟ್‌ಬಾಲ್ ಆಟದಲ್ಲಿ ತಲೆಗೆ ಬೀಳುವ ಪೆಟ್ಟುಗಳು ಮೆದುಳನ್ನು ಕ್ರಮೇಣ ಕೆಡಿಸಬಲ್ಲವು ಎಂಬುದನ್ನು ಬೆನೆಟ್ ಒಮಾಲು ಎಂಬ ನೈಜೀರಿಯ ಮೂಲದ ವೈದ್ಯರು 2005ರಲ್ಲಿ ಪ್ರಕಟಿಸಿದರು. ಆಟವನ್ನು ನಡೆಸುವವರು ಅದನ್ನು ಒಪ್ಪಿಕೊಳ್ಳಲು ಬಹುಕಾಲ ಹಿಂಜರಿದರು. ನಮ್ಮ ಮಕ್ಕಳು ಕಬಡ್ಡಿಯಲ್ಲಿಯೋ ಫುಟ್‌ಬಾಲಿನಲ್ಲಿಯೋ ತಲೆಗೆ ಪೆಟ್ಟು ತಿಂದು, ವಾಂತಿಯಾದರೆ, ಕಣ್ಣು ಮಂಜಾದರೆ, "ಏನಾಗಿಲ್ಲ, ಆಡು" ಎನ್ನದೆ ಕೂಡಲೇ ಮೈದಾನದಿಂದ ಹೊರಗೆ ತಂದು ವೈದ್ಯರಿಗೆ ತೋರಿಸಬೇಕು. ವ್ಯಾಯಾಮ ಶಿಕ್ಷಕರು ಇದನ್ನು ನಿಯಮದಂತೆ ಪಾಲಿಸಲಿ.

ಈ ಜೀವನಗಳಿಂದ ಕಲಿಯಬೇಕಾದದ್ದು

ಮೊದಲನೆಯದು, ಕಾಲದ ಹಂಚಿಕೆ. ಡೋರ್ನಿಂಕ್ ಆಟವಿಲ್ಲದ ತಿಂಗಳುಗಳಲ್ಲಿ ಓದಿದರು. ಆವೊ ಆಟವಿಲ್ಲದ ಗಂಟೆಗಳಲ್ಲಿ ಓದಿದರು. ಓದಿಗೂ ಆಟಕ್ಕೂ ನಿಜವಾದ ಶತ್ರು ವ್ಯರ್ಥ ಕಾಲಹರಣ. ಇಂದು ಅದು ಅಂಗೈಯಲ್ಲಿ ಹಿಡಿಯುವ ಮೊಬೈಲ್ ಫೋನಿನ ರೂಪದಲ್ಲಿ ಮನೆಮನೆಗೂ ಬಂದಿದೆ.

ಎರಡನೆಯದು, ದೇಹದ ಜ್ಞಾನ. ಮೊಣಕಾಲಿನ ನೋವು ಏನೆಂಬುದನ್ನು ಉಂಡು ತಿಳಿದವನಿಗೆ ರೋಗಿಯ ನೋವು ಪುಸ್ತಕದ ಸಾಲಾಗಿ ಕಾಣಿಸುವುದಿಲ್ಲ.

ಮೂರನೆಯದು, ಸೋಲಿನ ಅಭ್ಯಾಸ. ಆಡುವ ಮಗು ವಾರಕ್ಕೊಮ್ಮೆ ಸೋಲುತ್ತದೆ, ಮರುದಿನ ಮತ್ತೆ ಆಡುತ್ತದೆ. ಒಂದು ಪ್ರವೇಶ ಪರೀಕ್ಷೆಯಲ್ಲಿ ಹಿಂದೆ ಬಿದ್ದೊಡನೆ ಬದುಕೇ ಮುಗಿಯಿತೆಂದು ಎದೆಗುಂದುವ ಮಕ್ಕಳನ್ನು ಈಗಿನ ದಿನಗಳಲ್ಲಿ ಕಾಣುತ್ತಿರುವಾಗ, ಈ ಅಭ್ಯಾಸದ ಬೆಲೆ ಎಷ್ಟೆಂದು ನಾನು ಬೇರೆ ಹೇಳಬೇಕಾಗಿಲ್ಲ.

ನಾಲ್ಕನೆಯದು, ದಾರಿಯ ಅರಿವು. ತಮಿಳುನಾಡಿನಲ್ಲಿ 2020ರಿಂದ, ನೀಟ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಸರ್ಕಾರಿ ಶಾಲೆಯ ವಿದ್ಯಾರ್ಥಿಗಳಿಗೆ ವೈದ್ಯಕೀಯ ಪ್ರವೇಶದಲ್ಲಿ ಶೇಕಡ 7.5ರಷ್ಟು ಮೀಸಲಾತಿ ಇದೆ. ಕ್ರೀಡಾಪಟುಗಳಿಗೂ ಕೆಲವು ಸ್ಥಾನಗಳುಂಟು. ಇವು ನಮ್ಮಂಥ ಊರಿನ ಮಕ್ಕಳಿಗಾಗಿಯೇ ಇರುವ ಬಾಗಿಲುಗಳು. ತಿಳಿದವರು ತಿಳಿಯದವರಿಗೆ ಹೇಳಬೇಕು.

ಐದನೆಯದು, ಹಿಂದಿರುಗುವುದು. ಇದನ್ನು ಯಾರ ಮೇಲೂ ಹೇರಲಾಗದು. ಹೊರಗೆ ಹೋದ ಮಕ್ಕಳು ಹೊರಗೇ ಉಳಿದರೂ ಅವರು ನಮ್ಮ ಮಕ್ಕಳೇ. ಆದರೆ ನೂರು ಮಂದಿ ಹೋದಲ್ಲಿ ಒಬ್ಬರಾದರೂ ಬಿಳಿಯ ಕೋಟು ತೊಟ್ಟು ಈ ಕಣಿವೆಗೆ ಬಂದು, ಬೆಟ್ಟದಿಂದಿಳಿದ ಮುದುಕಿಯೊಬ್ಬಳನ್ನು ಅವಳ ಮನೆಮಾತಿನಲ್ಲಿಯೇ "ಎಲ್ಲಿ ನೋಯುತ್ತದೆ ಅಜ್ಜಿ?" ಎಂದು ಕೇಳಿದರೆ, ಈ ಶಾಲೆಯ ಐವತ್ತು ವರ್ಷಗಳು ಸಾರ್ಥಕ.

ನನ್ನ ಒಂದು ತಪ್ಪು

ಈಗ ಮೊದಲು ಹೇಳಿದ ಸ್ವಂತ ಕಾರಣಕ್ಕೆ ಬರುತ್ತೇನೆ. ನಾನು ಉಪಾಧ್ಯಾಯನಾಗಿ ಕೆಲವು ವರ್ಷಗಳಷ್ಟೇ ಆಗಿದ್ದ ಕಾಲ. ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಂದೆ ಏಲಕ್ಕಿ ತೋಟದ ಕೂಲಿ, ತಾಯಿ ಮಂಡಿಯಲ್ಲಿ ಕಾಯಿ ಆರಿಸುವವಳು. ಹುಡುಗ ಓದಿನಲ್ಲಿ ಮಧ್ಯಮ. ಆದರೆ ಮೈದಾನಕ್ಕೆ ಇಳಿದರೆ ಅವನನ್ನು ಹಿಡಿಯುವವರಿರಲಿಲ್ಲ. ಮದುರೆಯಲ್ಲಿ ನಡೆಯುವ ಪಂದ್ಯಗಳಿಗೆ ಅವನು ಆಯ್ಕೆಯಾದನು. ಅರ್ಧವಾರ್ಷಿಕ ಪರೀಕ್ಷೆಗೆ ಒಂದು ವಾರ ಉಳಿದಿತ್ತು. ಅನುಮತಿ ಪತ್ರಕ್ಕೆ ತರಗತಿಯ ಉಪಾಧ್ಯಾಯನಾದ ನನ್ನ ಸಹಿ ಬೇಕಾಗಿತ್ತು. ನಾನು ಹಾಕಲಿಲ್ಲ. "ಆಟ ಹೊಟ್ಟೆ ತುಂಬಿಸೋದಿಲ್ಲ ಕಣೋ, ಹೋಗಿ ಓದು" ಎಂದೆನು. ಎಲ್ಲರ ಮುಂದೆಯೇ ಎಂದೆನು.

ಹುಡುಗ ಎದುರು ಮಾತಾಡಲಿಲ್ಲ. ಪರೀಕ್ಷೆಗೆ ಕುಳಿತನು, ಹೇಗೋ ಬರೆದನು. ಜನವರಿಯಲ್ಲಿ ಶಾಲೆಗೆ ಬರುವುದನ್ನು ಕಡಿಮೆ ಮಾಡಿದನು. ಮಾರ್ಚಿಯ ಪರೀಕ್ಷೆಗೆ ಬರಲೇ ಇಲ್ಲ. ತೋಟಕ್ಕೆ ಕೂಲಿಗೆ ಹೋದನೆಂದು ತಿಳಿಯಿತು. ಅವನನ್ನು ಶಾಲೆಗೆ ಕಟ್ಟಿಹಾಕಿದ್ದ ಹಗ್ಗವು ಆಟವೇ ಆಗಿತ್ತು. ಓದಿಸುವ ಹಟದಲ್ಲಿ ಆ ಹಗ್ಗವನ್ನು ನಾನೇ ಕತ್ತರಿಸಿದೆನು. ಅವನ ಮನೆಗೆ ಹೋಗಿ ಕರೆಯಬಹುದಾಗಿತ್ತು. ಹೋಗಲಿಲ್ಲ. ನನಗೆ ಆಗ ನಾನು ಸರಿಯೆಂದೇ ತೋರಿತ್ತು.

ಕೆಲವು ವರ್ಷಗಳ ಹಿಂದೆ ಬೋಡಿಯ ಬಸ್ ನಿಲ್ದಾಣದಲ್ಲಿ ನರೆತ ತಲೆಯ ಒಬ್ಬರು ಬಂದು ನನ್ನ ಪಾದ ಮುಟ್ಟಿದರು. ಅವನೇ. ಪಕ್ಕದಲ್ಲಿ ಏಳೆಂಟು ವರ್ಷದ ಮೊಮ್ಮಗಳು. ಕ್ಷೇಮಸಮಾಚಾರದ ಬಳಿಕ, "ಸಾರ್, ಇವಳನ್ನ ನಮ್ಮ ಸ್ಕೂಲಿಗೇ ಸೇರಿಸಬೇಕು. ನೀವೊಂದು ಮಾತು ಹೇಳಬೇಕು" ಎಂದನು. ಹೇಳುವೆನೆಂದೆ. ಸ್ವಲ್ಪ ತಡೆದು, "ಚೆನ್ನಾಗಿ ಓಡ್ತಾಳೆ ಸಾರ್. ಓದಿಸಿ. ಓಡೋದನ್ನ ಮಾತ್ರ ಬಿಡಿಸಬೇಡಿ ಅಂತ ಅಲ್ಲಿರೋರಿಗೆ ಹೇಳಿ" ಎಂದನು. ಅವನ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ನಾನು ಅವಳ ತಲೆಯ ಮೇಲೆ ಕೈಯಿಟ್ಟೆನೇ ಹೊರತು ಉತ್ತರ ಹೇಳಲಾಗಲಿಲ್ಲ.

ಅಂದು ಹೇಳಲಾರದ ಉತ್ತರವನ್ನು ಈ ಪುಟಗಳಲ್ಲಿ ಬರೆದಿದ್ದೇನೆ. ನನ್ನ ನಂತರ ಈ ಶಾಲೆಯಲ್ಲಿ ಸಹಿ ಹಾಕುವ ಅಧಿಕಾರದಲ್ಲಿರುವ ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿನಂತಿ. ಅನುಮತಿ ಪತ್ರವೊಂದು ಮೇಜಿನ ಮೇಲೆ ಬಂದಾಗ, ಆ ಮಗುವಿನ ಅಂಕಪಟ್ಟಿಯನ್ನು ನೋಡುವ ಮುನ್ನ ಮಗುವಿನ ಮುಖವನ್ನೊಮ್ಮೆ ನೋಡಿರಿ. ಸಹಿ ಹಾಕಿರಿ, ಹಿಂದಿರುಗಿ ಬಂದ ಮೇಲೆ ತಪ್ಪಿದ ಪಾಠವನ್ನು ಕೂರಿಸಿಕೊಂಡು ಹೇಳಿಕೊಡಿರಿ. ಆ ಹೆಚ್ಚಿನ ಒಂದು ಗಂಟೆಯೇ ಉಪಾಧ್ಯಾಯನ ನಿಜವಾದ ಕೆಲಸ.

ನಮ್ಮ ಶಾಲೆಯು ನೂರನ್ನು ಕಾಣಲಿ. ಅಂದಿನ ಸಂಚಿಕೆಯಲ್ಲಿ ಈ ಊರಿನ ವೈದ್ಯರೊಬ್ಬರು ಬರೆಯಲಿ; ಅವರು ಈ ಅಂಗಳದಲ್ಲಿ ಓಡಿ ಬೆಳೆದವರಾಗಿರಲಿ ಎಂದು ಹಾರೈಸುತ್ತೇನೆ.

ವಿದ್ಯಾರ್ಥಿಗಳ ಆಲೋಚನೆಗೆ

1. ಡೋರ್ನಿಂಕ್ 29 ಓಟಗಳಲ್ಲಿ 126 ಗಜ ಗಳಿಸಿದರು. ನಿಮ್ಮ ಓದಿನಲ್ಲಿ "ನಾಲ್ಕು ಗಜ" ಎಂದರೆ ಯಾವುದು?
2. ಆವೊ ಅವರು ಆರ್ಸೆನಲ್ ತಂಡದ ಕರೆಯನ್ನು ಒಪ್ಪಿದ್ದರೆ ಯಾರಿಗೆ ಲಾಭವಾಗುತ್ತಿತ್ತು, ಯಾರಿಗೆ ನಷ್ಟವಾಗುತ್ತಿತ್ತು?
3. ಯಾಕಿಮಾ ಕಣಿವೆಗೂ ಕಂಬಂ ಕಣಿವೆಗೂ ಇರುವ ಮೂರು ಹೋಲಿಕೆಗಳನ್ನು ಬರೆಯಿರಿ.
4. ನಿಮ್ಮ ತರಗತಿಯಲ್ಲಿ ಶಾಲೆ ಬಿಟ್ಟವರು ಯಾರಾದರೂ ಇದ್ದರೆ ಅವರ ಮನೆಗೆ ಹೋಗಿ ಮಾತಾಡಿಸಿ ಬನ್ನಿರಿ. ಇದಕ್ಕೆ ಉತ್ತರವನ್ನು ಬರೆಯಬೇಕಾಗಿಲ್ಲ.